ಎಡಕ್ಕೆ ಮುಚ್ಚುವ ವಾಲ್ವ್

ನೀರು ಸರಬರಾಜಿನ ಇಂಜಿನಿಯರ್ ಸಾಹೇಬರಿಗೆ ನಮಸ್ಕಾರ.

ನಾಳೆ ಬೆಳಿಗ್ಗೆ ಶಾಲೆಯ ಹಿಂದೆ ಹಳೆಯ ಪೈಪು ಕತ್ತರಿಸಿ ಹೊಸದನ್ನು ಜೋಡಿಸುತ್ತೀರಂತೆ. ಆ ಬೀದಿಯ ವಾಲ್ವ್ ಉಳಿದವುಗಳಂತೆ ಬಲಕ್ಕಲ್ಲ, ಎಡಕ್ಕೆ ತಿರುಗಿಸಿದರೆ ಮುಚ್ಚುತ್ತದೆ. ಬಲಕ್ಕೆ ಬಿಗಿ ಮಾಡಿದರೆ ಪೂರ್ತಿ ತೆರೆದುಕೊಂಡು, ಗುಂಡಿಗೆ ಇಳಿದವರ ಮೇಲೆ ನೀರು ನುಗ್ಗುತ್ತದೆ.

ಮಧ್ಯಾಹ್ನ ಕಚೇರಿಗೆ ಬಂದಿದ್ದೆ. "ಕವಿತೆ ಓದ್ಕೊಂಡೋಳು ನಮಗೇ ವಾಲ್ವ್ ಪಾಠ ಹೇಳ್ತೀಯೇನಮ್ಮ? ಎಲ್ಲಾ ನಕ್ಷೇಲಿದೆ, ಹೋಗು" ಎಂದರು ಗುಮಾಸ್ತರು. ಅದಕ್ಕೇ ಈ ಪತ್ರವನ್ನು ನಿಮ್ಮ ಮನೆಗೆ ತಲುಪಿಸುತ್ತಿದ್ದೇನೆ.

ಇದು ನಕ್ಷೆಯಲ್ಲಿಲ್ಲ. ನಿಮ್ಮಲ್ಲಿ ಮೂವತ್ತು ವರ್ಷ ನೀರು ಬಿಡುತ್ತಿದ್ದ ನನ್ನ ಅಪ್ಪ ಯಾರಿಗೂ ಹೇಳಿರಲಿಲ್ಲ. ನಿವೃತ್ತರಾದ ಮೇಲೂ "ಯಜಮಾನ್ರೇ, ಅದು ನಿಮ್ಮ ಕೈಗೇ ಬಗ್ಗೋದು" ಎಂದು ನಿಮ್ಮ ಕೆಲಸಗಾರರು ಅವರನ್ನು ಕರೆಯಲು ಬರುತ್ತಿದ್ದರು. ಈಗ ಪಾರ್ಶ್ವವಾಯುವಿನಿಂದ ಅವರಿಗೆ ಮಾತಿಲ್ಲ. ನಾಳೆಯ ಕೆಲಸದ ಪ್ರಕಟಣೆ ಓದಿ ಹೇಳಿದಾಗ, ನನ್ನ ಮಣಿಕಟ್ಟು ಹಿಡಿದು ಎಡಕ್ಕೆ ತಿರುಗಿಸಿದರು, ಮತ್ತೆ ಮತ್ತೆ. ನಾನು ಒಂದೊಂದೇ ಪ್ರಶ್ನೆ ಕೇಳಿದೆ, ಅವರು ತಲೆಯಾಡಿಸಿದರು. "ಬೇಕಂತಲೇ ಹೇಳಲಿಲ್ವಾ ಅಪ್ಪಾ?" ಎಂದದ್ದಕ್ಕೂ ಹೌದೆಂದೇ ತಲೆಯಾಡಿಸಿದರು.

ದಯವಿಟ್ಟು ಇದನ್ನು ನಕ್ಷೆಗೆ ಸೇರಿಸಿಕೊಳ್ಳಿ. ಆಮೇಲೆ ತನ್ನನ್ನು ಕರೆಯಲು ಯಾರೂ ಬರುವುದಿಲ್ಲವೆಂದು ಅಪ್ಪನಿಗೆ ಗೊತ್ತು. ಆದರೂ ನಾನು ಬರೆದು ಮುಗಿಸುವ ತನಕ ಪಕ್ಕದಿಂದ ಕದಲದೆ ನೋಡುತ್ತಿದ್ದಾರೆ.

ವಿಶ್ವಾಸವಿಟ್ಟು ಬರೆದ,
ನಿಮ್ಮ ಹಳೆಯ ವಾಲ್ವ್‌ಮನ್‌ನ ಮಗಳು