ನಮ್ಮ ಮಂತ್ರಿ ಅಡ್ಡಬೀಳಲಿಲ್ಲ, ನಿಜ

ರಂಗಮಂದಿರದ ಬೀಗದ ಕೈ ಹಿಡಿದಿರುವ ಮಾನ್ಯ ಅಧಿಕಾರಿಗಳೇ,

ರಾಜ್ಯೋತ್ಸವದ ನಾಟಕದಲ್ಲಿ ರಾಜನಿಗೆ ಸಾಷ್ಟಾಂಗ ನಮಸ್ಕಾರ ಮಾಡದ ಮಂತ್ರಿಯಿಂದ ಏಳು ದಿನಗಳೊಳಗೆ ಲಿಖಿತ ಕ್ಷಮಾಪಣೆ ಕೊಡಿಸಬೇಕು, ತಪ್ಪಿದರೆ ಜೆ.ಪಿ. ನಗರದ ರಂಗಮಂದಿರ ನಮ್ಮ ಸಂಘಕ್ಕೆ ಇನ್ನೆಂದೂ ಸಿಗದು ಎಂಬ ನಿಮ್ಮ ನೋಟಿಸ್ ತಲುಪಿದೆ. ರಾಜರ ಕಾಲ ಮುಗಿದು ಅರ್ಧ ಶತಮಾನವಾದರೂ, ಪ್ಲೈವುಡ್ ಸಿಂಹಾಸನದ ರಾಜನೊಬ್ಬನ ಮಾನ ಕಾಯಲು ಸರ್ಕಾರಿ ಮೊಹರು ಓಡಿ ಬಂದದ್ದು ಕಂಡು ನಮಗೆಲ್ಲ ರೋಮಾಂಚನವಾಯಿತು.

ನಾಟಕದ ಕಥೆ ನಿಮಗೆ ಗೊತ್ತು. ತಾನೇ ದೇವರೆಂದು ಸಾರಿಕೊಂಡ ರಾಜ, ಅದನ್ನು ಒಪ್ಪದ ಮಂತ್ರಿ, ಕೊನೆಗೆ ಮಂತ್ರಿಗೆ ಶಿರಚ್ಛೇದ. ಹಬ್ಬದ ದಿನ ತಲೆ ಉರುಳುವುದು ಬೇಡ, ಮಂತ್ರಿ ಅಡ್ಡಬಿದ್ದು ಕ್ಷಮೆ ಕೇಳಲಿ ಎಂದು ನೀವು ಪ್ರದರ್ಶನದ ಬೆಳಿಗ್ಗೆ ಆದೇಶಿಸಿದಿರಿ. ಮಧ್ಯಾಹ್ನದೊಳಗೆ ನಾನು ದೃಶ್ಯ ತಿದ್ದಿಕೊಟ್ಟೆ. ಕೊಡಲಿ ಬೀಸಬೇಕಿದ್ದ ಬೈರಣ್ಣ ಕೆಲಸ ಕಳೆದುಕೊಂಡು, ಕಪ್ಪು ವೇಷದಲ್ಲೇ ಎದುರಿನ ಹೋಟೆಲಿಗೆ ಕಾಫಿಗೆ ಹೋದ.

ಮಂತ್ರಿಯ ಪಾತ್ರಧಾರಿ ಕೊಟ್ರಪ್ಪನವರು ಜಯನಗರ ನಾಲ್ಕನೇ ಬ್ಲಾಕಿನ ಬಟ್ಟೆ ವ್ಯಾಪಾರಿ. ಅವರ ಎದೆಯ ಮೇಲೆ ಇಷ್ಟಲಿಂಗದ ಕರಡಿಗೆ ಇದೆ. ಉದ್ದಕ್ಕೆ ಬಿದ್ದರೆ ಅದು ರಾಜನ ಜರಿ ಚಪ್ಪಲಿಗೆ ತಾಗುತ್ತದೆ ಎಂದು ಅವರು ಮೆಲ್ಲಗೆ ತಿಳಿಸಿದರು. "ಎರಡು ನಿಮಿಷ ಬಿಚ್ಚಿಡಿ ಸ್ವಾಮಿ, ಏನಾಗುತ್ತೆ?" ಎಂದಿರಿ ನೀವು. ಹುಟ್ಟಿದಾಗ ಕಟ್ಟಿದ್ದನ್ನು ಮಣ್ಣಿಗೆ ಹೋಗುವವರೆಗೂ ಬಿಚ್ಚದವರಿಗೆ! ಎರಡು ನಿಮಿಷ ಉಸಿರು ಬಿಚ್ಚಿಡಿ ಎಂದಿದ್ದರೆ ಯೋಚಿಸುತ್ತಿದ್ದರೇನೋ.

ಮುಂದಿನದಕ್ಕೆ ನೀವೇ ಸಾಕ್ಷಿ. ರಾಜನಾಗಿದ್ದ ಚಿದಾನಂದ್ ಮೂರು ಸಲ ಆಜ್ಞಾಪಿಸಿದರೂ ಮಂತ್ರಿ ಕದಲಲಿಲ್ಲ. ಕೊನೆಗೆ ರಾಜ ಪಿಸುಗುಟ್ಟಿದ. ತಲೆಯ ಮೇಲೆಯೇ ಮೈಕು ತೂಗುತ್ತಿತ್ತು.

"ಸಾರ್, ಸ್ವಲ್ಪ ಬಗ್ಗಿ. ನೀವು ಬಗ್ಗದೆ ನನ್ನ ಡೈಲಾಗ್ ಬರಲ್ಲ."

"ನಿನ್ ಡೈಲಾಗ್ ಹೇಳ್ಕೊ ಚಿದಾನಂದ. ನಾನ್ ಬಗ್ಗಲ್ಲ."

ಮುಂದಿನ ಸಾಲಿನಿಂದ ಕೊಟ್ರಪ್ಪನವರ ಶ್ರೀಮತಿ ಶಿವಬಸಮ್ಮನವರು, "ಬಗ್ಗಿದ್ರೆ ಮನೆಗೆ ಬರ್ಬೇಡಿ," ಎಂದು ಶಾಂತವಾಗಿ ಹೇಳಿದರು. ದಿಕ್ಕು ತೋಚದ ರಾಜ ಸಿಂಹಾಸನದಿಂದಿಳಿದು ತಾನೇ ಮಂತ್ರಿಗೆ ಅಡ್ಡಬಿದ್ದ. ಕಿರೀಟ ಉರುಳಿ ನಿಮ್ಮ ತೊಡೆಗೆ ಬಂತು. ಗದ್ದಲ ಕೇಳಿದ ಬೈರಣ್ಣ, ಹಳೆಯ ದೃಶ್ಯವೇ ವಾಪಸು ಬಂದಿತೆಂದು ಕೊಡಲಿಯೊಡನೆ ಧಾವಿಸಿ, ಯಾರ ತಲೆಯೆಂದು ನನ್ನನ್ನೇ ಕೇಳಿದ. ಐದು ನಿಮಿಷ ಶಿಳ್ಳೆ ನಿಲ್ಲಲಿಲ್ಲ.

ಇದರಲ್ಲಿ ಅಪರಾಧ ಯಾರದು? ಅಡ್ಡಬಿದ್ದ ರಾಜನಿಗೆ ನೋಟಿಸಿಲ್ಲ, ನೆಟ್ಟಗೆ ನಿಂತವನಿಗೆ ಇದೆ. ಮೊನ್ನೆ ಕೊಟ್ರಪ್ಪನವರು ಅಂಗಡಿ ಮುಚ್ಚಿ ನನ್ನ ಮನೆಗೆ ಬಂದರು. ಇಪ್ಪತ್ತೆರಡು ವರ್ಷ ನಮ್ಮೊಂದಿಗೆ ಬಣ್ಣ ಹಚ್ಚಿದವರು. "ಸಹಿ ಹಾಕಲ್ಲ. ನನ್ನಿಂದ ಸಂಘಕ್ಕೆ ತೊಂದ್ರೆ ಬೇಡ, ಬಿಟ್ಟುಬಿಡ್ತೀನಿ," ಎಂದರು. ನಾಟಕದ ಮಂತ್ರಿ ಕೂಡ ಇಷ್ಟು ಚಿಕ್ಕ ಮಾತಿನಲ್ಲಿ ಇಷ್ಟು ದೊಡ್ಡದನ್ನು ಬಿಟ್ಟಿರಲಿಲ್ಲ.

ಆದ್ದರಿಂದ ನೋಟಿಸನ್ನು ಬೇಷರತ್ತಾಗಿ ಹಿಂಪಡೆಯಿರಿ. ಕ್ಷಮಾಪಣೆ ಬರುವುದಿಲ್ಲ. ಅವರ ರಾಜೀನಾಮೆಯನ್ನೂ ಸಂಘ ಒಪ್ಪಿಲ್ಲ. ರಂಗಮಂದಿರ ಕೊಡದಿದ್ದರೆ ಮುಂದಿನ ಭಾನುವಾರ ಕೊಟ್ರಪ್ಪನವರ ಅಂಗಡಿಯ ಮುಂದೆಯೇ ಆಡುತ್ತೇವೆ, ಶಿರಚ್ಛೇದ ಸಮೇತ.

ಇಂತಿ,
ಆ ದಿನ ನೀವು ಹೇಳಿದ ತಕ್ಷಣ ಬಗ್ಗಿದ ಏಕೈಕ ವ್ಯಕ್ತಿ,
ಸಂಘದ ಕಾರ್ಯದರ್ಶಿ
ಜೆ.ಪಿ. ನಗರ, ನವೆಂಬರ್ 2003