ನೆಟ್ ನಿಲ್ಲಿಸಿದವರ ತಾಯಿಯ ಅರ್ಜಿ

ಮಾನ್ಯ ಅಧಿಕಾರಿಗಳೇ,

ನಾನು ವಾಚನಾಲಯದ ಸಹಾಯಕಿ. ತಾವು ಊರಿನ ಇಂಟರ್ನೆಟ್ ನಿಲ್ಲಿಸಿದ ಮೇಲೆ ನಮ್ಮಲ್ಲಿ ಕೂರಲು ಜಾಗವಿಲ್ಲ. ಜನ ವಿಶ್ವಕೋಶಕ್ಕಾಗಿ ಕಿತ್ತಾಡುವುದನ್ನು ನೋಡಿ ನನಗೆ ಒಳಗೊಳಗೇ ಖುಷಿ.

ಆದರೆ ಈಗ ತಮ್ಮ ತಾಯಿಯವರೇ ನನ್ನ ಮೇಜಿನೆದುರು ಕುಳಿತಿದ್ದಾರೆ. ದೂರದೂರಿನ ಮಗಳಿಗೆ ಹೆರಿಗೆಯಾಗಿದೆಯಂತೆ. ಮೊಮ್ಮಗಳ ಮುಖವನ್ನು ಫೋನಿನಲ್ಲಿ ಇನ್ನೂ ನೋಡಲಾಗಿಲ್ಲವಂತೆ.

"ಮನೇಲಿ ಕೇಳಿದ್ರೆ ನನ್ ಮಗ ಸುಮ್ನಿರಮ್ಮ ಅಂತಾನೆ. ಅರ್ಜಿ ಅಂದ್ರೆ ಓದ್ತಾನೆ. ನೀನು ಬರಿ ಮಗಳೇ," ಎಂದರು.

"ಏನಂತ ಬರೀಲಿ ಅಮ್ಮಾ?" ಎಂದೆ ಅಂಜುತ್ತಾ.

"ಮೂಗು ಅವನ ಥರಾನೇ ಇದೆಯಂತೆ, ಒಂದ್ಸಲ ನೋಡ್ಬೇಕು ಅಂತ."

ಆದ್ದರಿಂದ ಇವತ್ತು ಸಂಜೆ ಸ್ವಲ್ಪ ಹೊತ್ತಾದರೂ ಸಂಪರ್ಕ ಕೊಡಬೇಕೆಂದು ಕೋರಿಕೆ. ಇಲ್ಲವಾದರೆ, ಅವರೇ ಹೇಳಿ ಬರೆಸಿದ ಪ್ರಕಾರ, ಸಾರ್ವಜನಿಕ ಹಿತದೃಷ್ಟಿಯಿಂದ ತಮ್ಮ ಮನೆಯ ಅಡುಗೆಕೋಣೆ ಮುಂದಿನ ಆದೇಶದವರೆಗೆ ಬಂದ್.

ಹೆದರುತ್ತಲೇ ಸಹಿ ಹಾಕುತ್ತಿರುವ,
ವಾಚನಾಲಯದ ಸಹಾಯಕಿ