ಸಮೀವುಲ್ಲಾನ ಮೂರು ವರ್ಷಗಳು

ಆಡಮ್ಸ್‌ಟೌನ್
೨೬ ಫೆಬ್ರುವರಿ ೨೦೨೧

ವೈದ್ಯೆ ಶಾಲ್ಮಲಿಯವರಿಗೆ ವಂದನೆಗಳು.

ಗೆಳೆಯ ಸಮೀವುಲ್ಲಾನ ಜನ್ಮವರ್ಷವನ್ನು ಹಿಂದಿನ ಪತ್ರದಲ್ಲಿ ತಪ್ಪಾಗಿ ಬರೆದುದಕ್ಕೆ ಕ್ಷಮೆ ಕೋರುತ್ತೇನೆ. ನಿನ್ನೆ ದೂರವಾಣಿಯಲ್ಲಿ ತಾವು, "ಅಂಕಲ್, ಲಸಿಕೆ ಬೇಗ ಸಿಗ್ಲಿ ಅಂತ ವಯಸ್ಸು ಏರಿಸ್ತಿದ್ದೀರಾ?" ಎಂದಿರಿ. ಸಂಶಯ ಸಹಜ. ಆದರೆ ಹಿಂದೆ ಇಳಿಸಿದವನು ನಾನೇ. ಕಿರಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಗೆ ತಂಡದ ನಾಯಕನಾಗಿ ಅರ್ಜಿ ತುಂಬುವಾಗ ಅವನ ವಯಸ್ಸಿನಲ್ಲಿ ಮೂರು ವರ್ಷ ಕಳೆದೆ. ಮುಂದೆ ಪಾಸ್‌ಪೋರ್ಟಿನಲ್ಲೂ ಅದೇ ಉಳಿಯಿತು. ಆಡುವುದಕ್ಕೆಂದೇ ಕಾರ್ಖಾನೆಯೊಂದು ಸಂಬಳ ಕೊಟ್ಟು ಇರಿಸಿಕೊಂಡ ಅತಿ ಕಿರಿಯ ಆಟಗಾರನೆಂಬ ಕೀರ್ತಿಯೂ ಅವನಿಗೆ ಬಂದಿತು.

"ಆ ಹೆಸರು ಕಳ್ಕೊಂಡು ಬದುಕಿ ಏನ್ಮಾಡ್ಲೋ, ಕ್ಯಾಪ್ಟನ್?" ಎನ್ನುತ್ತಾನೆ. ಜನನಪತ್ರ ಕಳೆದುಹೋಗಿದೆಯೆಂದೂ ಹೇಳಿದ, ನಾನು ನಂಬಲಿಲ್ಲ. ಪದಕದ ಪೆಟ್ಟಿಗೆಯಲ್ಲಿ ಅವನ ಮಗಳಿಗೆ ಸಿಕ್ಕಿತು. ಪ್ರತಿಯನ್ನು ಲಗತ್ತಿಸಿದ್ದೇನೆ. ಎಂಬತ್ತು ದಾಟಿದವರ ಪಟ್ಟಿಗೆ ದಯವಿಟ್ಟು ಅವನನ್ನು ಸೇರಿಸಿ. ಮೆಟ್ಟಿಲು ಹತ್ತಿದರೆ ಅವನಿಗೆ ಈಗಲೇ ಉಸಿರು ಕಟ್ಟುತ್ತದೆ.

ತಮ್ಮ ವಿಶ್ವಾಸಿ,
ವೆಂಕಟೇಶಮೂರ್ತಿ

ತಿದ್ದುಪಡಿಗಳು:
ಅವನ ಜನನ: ೧೯೪೩ ಅಲ್ಲ, ೧೯೪೦ ಜನವರಿ.
ಕಿರಿಯರ ಪದಕ, ೧೯೬೦: ಆಗ ವಯಸ್ಸು ಹದಿನೇಳಲ್ಲ, ಇಪ್ಪತ್ತು.
ಸಂಬಳದ ಮೊದಲ ಆಟ, ೧೯೬೧: ಹದಿನೆಂಟಲ್ಲ, ಇಪ್ಪತ್ತೊಂದು.
ನನ್ನ ಜನನ: ೧೯೪೨ ಅಲ್ಲ, ೧೯೩೯. ಇಬ್ಬರ ವಯಸ್ಸನ್ನೂ ಇಳಿಸಿ ತುಂಬಿದ ಅರ್ಜಿ ಒಂದೇ ಆಗಿತ್ತು. ಇದರಲ್ಲಿ ಸಂಶಯವಿದ್ದರೆ ಅವನದನ್ನು ಮಾತ್ರ ತಿದ್ದಿ.